ಎಲ್ಲಕ್ಕೂ ಒಲೆಯೇ ಮದ್ದು

ಭಾಗಮಂಡಲದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡೋದು ಸೆಪ್ಟೆಂಬರ್‌ಗೆ. ಮನೆಗೆ ಯಾವ ಹೊಸ ಯಂತ್ರ ಬಂದರೂ ಮೊದಲ ಪರೀಕ್ಷೆ ಮಳೆಯದ್ದೇ. ಫೇಲಾದರೆ ಸೀದಾ ಒಲೆ ಬುಡಕ್ಕೆ.

ಮೊದಲು ಅಲ್ಲಿಗೆ ಬಂದದ್ದು ಟ್ರಾನ್ಸಿಸ್ಟರ್ ಸೆಲ್ಲುಗಳು. ಬೇರೆ ಊರಿನವರು ಸೋತ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನಷ್ಟು ದಿನ ಓಡಿಸುತ್ತಿದ್ದರು. ನಮಗೆ ಬಿಸಿಲೆಲ್ಲಿ? ಅಜ್ಜಿ ಅವನ್ನು ಒಲೆ ಪಕ್ಕ, ಒಣಮೀನಿನ ಜೊತೆ ಇಡುತ್ತಿದ್ದರು. 1993ರಲ್ಲಿ ಮಡಿಕೇರಿ ಆಕಾಶವಾಣಿ ಶುರುವಾದ ಮೇಲಂತೂ ಸೆಲ್ಲಿಗೆ ಭಾರೀ ಮರ್ಯಾದೆ. ಮಳೆ ರಜೆಯ ಸುದ್ದಿ ಅದರಲ್ಲೇ ಬರಬೇಕಲ್ವಾ! “ಜಿಲ್ಲೆಯ ಶಾಲೆಗಳಿಗೆ ಇಂದು...” ಅನ್ನುವಷ್ಟರಲ್ಲಿ ಸೆಲ್ಲು ಕೈಕೊಡುತ್ತಿತ್ತು. ರಜೆ ಅಂತ ನಮ್ಮ ವಾದ, ಇಲ್ಲ ಅಂತ ಅಪ್ಪನ ವಾದ. ಕೊಡೆ ಹಿಡಿದು ಹೋಗಿ, ಶಾಲೆಯ ಬೀಗ ನೋಡಿಕೊಂಡು ಬಂದದ್ದುಂಟು.

ಆಮೇಲೆ ಟಿವಿ. ಆಂಟೆನಾ ತೋಟದ ಸಿಲ್ವರ್ ಓಕ್ ಮರದ ಮೇಲೆ. ಅದನ್ನು ತಿರುಗಿಸಲು ಮರದಲ್ಲಿ ಚಿಕ್ಕಪ್ಪ, ಚಿತ್ರ ನೋಡಲು ಒಳಗೆ ಅಮ್ಮ, ಮಾತು ದಾಟಿಸಲು ಅಂಗಳದಲ್ಲಿ ನಾನು. “ಬಂತಾ?” “ಬಂತು!” ನಾನು ಕೂಗಿ ಮುಗಿಸುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಮಳೆ ಸದ್ದಿಗೆ “ಸಾಕು, ಇಳಿ” ಅನ್ನೋದು ಚಿಕ್ಕಪ್ಪನಿಗೆ “ಇನ್ನೂ ತಿರುಗಿಸು” ಅಂತ ಕೇಳುತ್ತಿತ್ತು. ಕೊನೆಗೆ ಅವರು ಇಳಿದಾಗ ಟಿವಿಯಲ್ಲಿ ಚುಕ್ಕಿ, ಕಾಲಲ್ಲಿ ಜಿಗಣೆ.

ವಾಷಿಂಗ್ ಮೆಷಿನ್ ಬಂದಾಗ ಅಮ್ಮನಿಗೆ ಖುಷಿಯೋ ಖುಷಿ. ಆದರೆ ಒಗೆಯೋದು ಮಾತ್ರ ಮೆಷಿನ್ನು, ಒಣಗಿಸೋದು ಈಗಲೂ ಒಲೆಯೇ. ಅದೇ ಹೊಗೆಗೆ ಹಂದಿ ಮಾಂಸವನ್ನೂ ತೂಗು ಹಾಕಿರುತ್ತಾರೆ. ನನ್ನ ಶರ್ಟಿನ ವಾಸನೆಗೆ ಆಫೀಸಿನವರಿಗೆ ಹನ್ನೊಂದು ಗಂಟೆಗೇ ಹಸಿವಾಗುತ್ತದಂತೆ.

ಈಗ ಮಾಡಿನ ಮೇಲೆ ಡಿಶ್ ಇದೆ. ಹಳೇ ಆಂಟೆನಾಕ್ಕೆ ಬರುತ್ತಿದ್ದದ್ದು ಮೀಟರ್ ಲೆಕ್ಕದ ಉದ್ದನೆಯ ತರಂಗ. ಅದಕ್ಕೆ ಮಳೆಯ ಹಂಗಿರಲಿಲ್ಲ. ಡಿಶ್ಶಿನದ್ದು ಎರಡೂವರೆ ಸೆಂಟಿಮೀಟರ್ ಆಸುಪಾಸಿನದ್ದು. ಜೋರು ಮಳೆಯ ಹನಿಗಳು ಅದನ್ನು ದಾರಿಯಲ್ಲೇ ಹೀರಿಬಿಡುತ್ತವೆ. ಹೆಚ್ಚು ದುಡ್ಡು ಕೊಟ್ಟು ಮಳೆಗೆ ಹೆದರೋದನ್ನೇ ಕೊಂಡು ತಂದಿದ್ದೇವೆ!

ಕಳೆದ ಜುಲೈಯಲ್ಲಿ ಟಿವಿ ಹೋಯಿತು. ಮೊಬೈಲ್‌ಗೆ ರೇಂಜ್ ಸಿಗೋದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಮ್ಮ ಕೊಡೆ ಹಿಡಿದರು, ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬಾ ನಯವಾಗಿ, “ಅಲ್ಲಿ ಮಳೆ ಬರ್ತಿದ್ಯಾ ಸರ್? ನಿಂತ ಮೇಲೂ ಬರದಿದ್ರೆ ಮತ್ತೆ ಫೋನ್ ಮಾಡಿ” ಅಂದಳು.

“ಆಗ್ಲಿ, ಸೆಪ್ಟೆಂಬರ್‌ನಲ್ಲಿ ಮಾಡ್ತೀವಿ ಅಂತ ಹೇಳು” ಅಂದರು ಅಮ್ಮ.