ಕಾನ್ಸಾಸ್ ಸಿಟಿಯ ಮಾಫಿಯಾ ಕತೆ: ಬಸ್ ಹತ್ತಿಸಿ ತೋರಿಸಬೇಕಾ?

ಹೆಸರಲ್ಲಿ ಕಾನ್ಸಾಸ್ ಇದೆ, ಊರು ಇರುವುದು ಮಾತ್ರ ಪಕ್ಕದ ಮಿಸೌರಿ ರಾಜ್ಯದಲ್ಲಿ. ಐದು ಲಕ್ಷದ ಆಸುಪಾಸು ಜನ. ನ್ಯೂಯಾರ್ಕ್, ಶಿಕಾಗೊ ಮುಂದೆ ಚಿಕ್ಕ ಊರೇ. ಆದರೆ ಇಟಾಲಿಯನ್-ಅಮೆರಿಕನ್ ಮಾಫಿಯಾ ಇಲ್ಲಿ ಬೇರು ಬಿಟ್ಟಷ್ಟು ಆಳವಾಗಿ ಕೆಲವೇ ಊರುಗಳಲ್ಲಿ ಬಿಟ್ಟಿತ್ತು. 1950ರ ಏಪ್ರಿಲ್‌ನಲ್ಲಿ ಇಲ್ಲಿನ ಡೆಮಾಕ್ರಟಿಕ್ ಪಕ್ಷದ ಒಂದು ಕ್ಲಬ್ಬಿನಲ್ಲಿ ಇಲ್ಲಿನ ಮಾಫಿಯಾ ಧಣಿ ಚಾರ್ಲ್ಸ್ ಬಿನಾಜಿಯೊ ಮತ್ತು ಅವನ ಬಂಟ ಚಾರ್ಲ್ಸ್ ಗಾರ್ಗೊಟ್ಟಾ ಗುಂಡೇಟು ತಿಂದು ಸತ್ತು ಬಿದ್ದಿದ್ದರು. ಗೋಡೆಯ ಮೇಲೆ ಅಧ್ಯಕ್ಷ ಟ್ರೂಮನ್ ಅವರ ದೊಡ್ಡ ಫೋಟೊ. ಟ್ರೂಮನ್ ಇದೇ ಸೀಮೆಯವರು.

ಈಗ ಈ ಊರಲ್ಲಿ ಗ್ಯಾಂಗ್‌ಸ್ಟರ್ ಕತೆ ಹೇಳುತ್ತಾ ಬಸ್ಸಲ್ಲಿ ಸುತ್ತಿಸುವವರಿದ್ದಾರೆ. ಹಾಗಾದರೆ ಊರೇ ಮುಂದೆ ನಿಂತು, ಬೋರ್ಡ್ ಹಾಕಿ, ಮ್ಯೂಸಿಯಂ ಕಟ್ಟಿ ಇದನ್ನೆಲ್ಲ ಪ್ರವಾಸಿಗರಿಗೆ ತೋರಿಸಬೇಕಾ?

ಪರ: ತೋರಿಸಲಿ, ಲೆಕ್ಕದ ಚೀಟಿ ಸಮೇತ

1979ರ ಫೆಬ್ರವರಿ 14. ಲಾಸ್ ವೇಗಸ್‌ನಿಂದ ಬಂದ ಕಾರ್ಲ್ ಕರೂಸೊ ಎಂಬಾತ ಕಾನ್ಸಾಸ್ ಸಿಟಿಯ ವಿಮಾನ ನಿಲ್ದಾಣದಲ್ಲಿ ಇಳಿದ. ಎಫ್‌ಬಿಐನವರು ಕಾಯುತ್ತಿದ್ದರು. ಅವನ ಹತ್ತಿರ 80,000 ಡಾಲರ್ ನಗದು ಸಿಕ್ಕಿತು.

ಅದು ಟ್ರಾಪಿಕಾನಾ ಕ್ಯಾಸಿನೊದಿಂದ ತೆಗೆದ ಕೆನೆ. ಕೆನೆ ಅಂದರೆ ಇಷ್ಟೇ: ದಿನದ ಗಳಿಕೆಯನ್ನು ಎಣಿಸಿ ಪುಸ್ತಕದಲ್ಲಿ ಬರೆಯುವ ಮುಂಚೆಯೇ ಒಂದಿಷ್ಟು ನೋಟು ಎತ್ತಿಡೋದು. ಲೆಕ್ಕಕ್ಕೇ ಬರದ ದುಡ್ಡಿಗೆ ತೆರಿಗೆ ಎಲ್ಲಿಂದ ಬರಬೇಕು? ಆ ದುಡ್ಡು ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ ಬಂದು ಕಾನ್ಸಾಸ್ ಸಿಟಿಯ ಮಾಫಿಯಾ ಧಣಿ ನಿಕ್ ಸಿವೆಲ್ಲಾ ಗುಂಪಿನ ಕೈ ಸೇರುತ್ತಿತ್ತು. ಈ ಸಿವೆಲ್ಲಾಗೆ ನೆವಾಡಾದ ಕ್ಯಾಸಿನೊಗಳಲ್ಲಿ ಕಾಲಿಡುವಂತೆಯೇ ಇರಲಿಲ್ಲ. ಅಲ್ಲಿನ ಸರ್ಕಾರ 1960ರಲ್ಲಿ 11 ಜನರ ಕಪ್ಪುಪಟ್ಟಿ ಮಾಡಿದಾಗ ಅವನೂ ಅವನ ಅಣ್ಣ-ತಮ್ಮಂದಿರಲ್ಲಿ ಒಬ್ಬನಾದ ಕಾರ್ಲ್ ಕೂಡ ಅದರಲ್ಲಿದ್ದರು. ಬಾಗಿಲಿಗೂ ಹೋಗದೆ ತಿಜೋರಿಗೆ ಕೈ ಹಾಕಿದ್ದ.

ಸಿಕ್ಕಿಬಿದ್ದದ್ದು ಹೇಗೆ ಅನ್ನೋದು ಇನ್ನೂ ಮಜಾ. 1978ರಲ್ಲಿ ಪೊಲೀಸರು, ಎಫ್‌ಬಿಐನವರು ಬೆನ್ನು ಹತ್ತಿದ್ದು ಊರೊಳಗಿನ ಒಂದು ಕೊಲೆಯನ್ನು. ಅದಕ್ಕಾಗಿ ವಿಲ್ಲಾ ಕಾಪ್ರಿ ಅನ್ನೋ ಪಿಜ್ಜಾ ಅಂಗಡಿಯಲ್ಲಿ ಗುಟ್ಟಾಗಿ ಮೈಕ್ ಇಟ್ಟರು. ಕೊಲೆ ಮಾತು ಬರಬಹುದೆಂದು ಕಿವಿಗೊಟ್ಟರೆ ಕೇಳಿಸಿದ್ದು ಲಾಸ್ ವೇಗಸ್ ಕ್ಯಾಸಿನೊಗಳ ಮಾತು! ಇಲಿಗೆ ಇಟ್ಟ ಬೋನಿಗೆ ಹೆಗ್ಗಣ ಬಂದು ಬಿತ್ತು.

ಕರೂಸೊ ಸಿಕ್ಕ ದಿನವೇ ಕಾರ್ಲ್ ಡಿಲೂನಾ ಮನೆಯ ಮೇಲೂ ದಾಳಿ ನಡೆಯಿತು. ಡಿಲೂನಾ ಅಂದರೆ ಸಿವೆಲ್ಲಾ ಕಡೆಯ ಲೆಕ್ಕದ ಗುಮಾಸ್ತ ಅಂದುಕೊಳ್ಳಿ. ಯಾರಿಗೆ ಎಷ್ಟು ಕೊಟ್ಟೆ, ಎಲ್ಲಿಗೆ ಹೋದೆ, ಎಲ್ಲಾ ಗುಪ್ತನಾಮ ಹಾಕಿ ಬರೆದಿಟ್ಟಿದ್ದ. ಒಂದು ಪೈಸೆ ನುಂಗಿಲ್ಲ ಅಂತ ತನ್ನ ಯಜಮಾನರಿಗೆ ತೋರಿಸಬೇಕಿತ್ತಲ್ವಾ? ಆ ಪ್ರಾಮಾಣಿಕತೆಯೇ ಎಲ್ಲರನ್ನೂ ಜೈಲಿಗೆ ಕಳಿಸಿತು. 1983ರಲ್ಲಿ ಟ್ರಾಪಿಕಾನಾ ಪ್ರಕರಣದಲ್ಲಿ ಶಿಕ್ಷೆಯಾಯಿತು. 1986ರಲ್ಲಿ ಇನ್ನೊಂದು ಪ್ರಕರಣದಲ್ಲಿ ಶಿಕಾಗೊ ಮಾಫಿಯಾದ ದೊಡ್ಡ ತಲೆಗಳೇ ಉರುಳಿದವು. ವಿಚಾರಣೆ ನಡೆದದ್ದು ಶಿಕಾಗೊದಲ್ಲಲ್ಲ, ಕಾನ್ಸಾಸ್ ಸಿಟಿಯಲ್ಲಿ. ಸಿವೆಲ್ಲಾ ಮಾತ್ರ ಅಷ್ಟರೊಳಗೆ, 1983ರ ಮಾರ್ಚ್‌ನಲ್ಲಿ, ಕಾಯಿಲೆಯಿಂದ ಸತ್ತಿದ್ದ.

ಇಷ್ಟಕ್ಕೂ ಕ್ಯಾಸಿನೊ ಮೇಲೆ ಇವರಿಗೆ ಹಿಡಿತ ಹೇಗೆ ಬಂತು? ಲಾರಿ ಡ್ರೈವರುಗಳ ಪಿಂಚಣಿ ದುಡ್ಡಿನಿಂದ. ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ಪಿಂಚಣಿ ನಿಧಿ 1974ರಲ್ಲಿ ಅಲೆನ್ ಗ್ಲಿಕ್ ಎಂಬ ಯುವ ವ್ಯಾಪಾರಿಗೆ 6 ಕೋಟಿ 27 ಲಕ್ಷ ಡಾಲರ್‌ಗೂ ಮೇಲೆ ಸಾಲ ಕೊಟ್ಟಿತು. ಅದರಿಂದ ಅವನು ಸ್ಟಾರ್‌ಡಸ್ಟ್‌ನಂಥ ಕ್ಯಾಸಿನೊ ಕೊಂಡ. ಆ ಸಾಲ ಸುಮ್ನೆ ಬಂದದ್ದಲ್ಲ. ಕಾನ್ಸಾಸ್ ಸಿಟಿಯ ಸಂಘದ ನಾಯಕ ರಾಯ್ ವಿಲಿಯಮ್ಸ್, ಮುಂದೆ ಇಡೀ ಟೀಮ್‌ಸ್ಟರ್ಸ್‌ಗೆ ಅಧ್ಯಕ್ಷನಾದವನು, ಸಿವೆಲ್ಲಾನಿಂದ ತಿಂಗಳಿಗೆ 1,500 ಡಾಲರ್ ಮಾಮೂಲಿ ಪಡೆಯುತ್ತಿದ್ದೆ ಅಂತ ಕೋರ್ಟಿನಲ್ಲಿ ತಾನೇ ಹೇಳಿದ.

ನನಗೆ ಇದು ಬಂದೂಕಿನ ಕತೆಗಿಂತ ದೊಡ್ಡದಾಗಿ ಕಾಣುತ್ತದೆ. ಲಾರಿ ಓಡಿಸುವವನ ಮುಪ್ಪಿನ ದುಡ್ಡು ಜೂಜಿನ ಅಡ್ಡೆಗೆ ಹೋಗಿ, ಅಲ್ಲಿಂದ ಪಿಜ್ಜಾ ಅಂಗಡಿಯ ಮೇಜಿಗೆ ಬಂತು. ಈ ದಾರಿಯನ್ನು ಜನ ಆ ಊರಲ್ಲೇ ನಿಂತು ನೋಡಬೇಕು. ಲಾಸ್ ವೇಗಸ್ 2012ರಲ್ಲಿ ಮಾಫಿಯಾ ಮ್ಯೂಸಿಯಂ ತೆರೆಯಿತು. ಅದೂ ಸುಮ್ನೆ ಯಾವುದೋ ಕಟ್ಟಡವಲ್ಲ, 1950ರಲ್ಲಿ ಸೆನೆಟರ್ ಕೆಫೋವರ್ ಸಮಿತಿ ಸಂಘಟಿತ ಅಪರಾಧದ ಬಗ್ಗೆ ವಿಚಾರಣೆ ನಡೆಸಿದ ಹಳೆಯ ಕೋರ್ಟ್. ಅದೇ ಸಮಿತಿ ಕಾನ್ಸಾಸ್ ಸಿಟಿಗೂ ಬಂದಿತ್ತು.

ಇನ್ನೊಂದು ಮಾತು. ಈ ಊರು ತನ್ನ ಜಾಝ್ ಬಗ್ಗೆ ಎದೆ ತಟ್ಟಿಕೊಳ್ಳುತ್ತದೆ. ಕೌಂಟ್ ಬೇಸಿ, ಚಾರ್ಲಿ ಪಾರ್ಕರ್ ಅಂತ ಮ್ಯೂಸಿಯಂ ಕೂಡ ಇದೆ. ಆ ಸಂಗೀತ ರಾತ್ರಿಯಿಡೀ ನಡೆದದ್ದು ಯಾಕೆ? ದೇಶಕ್ಕೆಲ್ಲ ಪಾನನಿಷೇಧ ಇದ್ದಾಗ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿ ಇಲ್ಲಿ ಬಾಗಿಲು ಹಾಕಲು ಬಿಡಲಿಲ್ಲ. ಅವನಿಗೆ ಇಟಾಲಿಯನ್ನರ ಬೀದಿಗಳ ವೋಟು ತಂದುಕೊಡುತ್ತಿದ್ದವನು ಮಾಫಿಯಾ ನಾಯಕ ಜಾನಿ ಲೇಜಿಯಾ. ಜಾಝ್‌ಗೆ ದೀಪ ಹಾಕಿ, ಮದ್ಯ ಸರಬರಾಜಾದ ಬೀದಿಗೆ ಕತ್ತಲು ಬಿಟ್ಟರೆ ಅದು ಇತಿಹಾಸವಾ?

ವಿರೋಧ: ಟಿಕೆಟ್ ಹರಿದರೆ ಕತೆ ಬದಲಾಗುತ್ತದೆ

ಜೋಸೆಫ್ ರೈಮೊ ಅಂತ ಒಬ್ಬ ಪೊಲೀಸ್ ಇದ್ದ. ಇಟಾಲಿಯನ್. ಸಿಸಿಲಿಯಿಂದ ಬಂದು ಊರಿನ ನಾರ್ತ್ ಎಂಡ್ ಬಡಾವಣೆಯಲ್ಲಿ ನೆಲೆಸಿದ ಜನರಿಗೆ ‘ಬ್ಲ್ಯಾಕ್ ಹ್ಯಾಂಡ್’ ಹೆಸರಿನಲ್ಲಿ ದುಡ್ಡು ಕೇಳುವ ಬೆದರಿಕೆ ಪತ್ರ ಬರುತ್ತಿದ್ದ ಕಾಲ. 1911ರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಈಗ ಯೋಚಿಸಿ, ಮಾಫಿಯಾ ಟೂರ್ ಮಾಡಿದರೆ ಬಸ್ಸು ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ? ರೈಮೊ ಸತ್ತ ಬೀದಿಯಲ್ಲಾ, ಬಿನಾಜಿಯೊ ಸತ್ತ ಜಾಗದಲ್ಲಾ?

ಮೇಲೆ ಪರವಾಗಿ ಬರೆದವರು ಲೆಕ್ಕದ ಚೀಟಿ ತೋರಿಸಿ ಅನ್ನುತ್ತಾರೆ. ಒಳ್ಳೆಯ ಆಸೆ. ಆದರೆ ಪಿಂಚಣಿ ನಿಧಿಯ ಸಾಲಪತ್ರ ನೋಡಲು ಯಾರು ಟಿಕೆಟ್ ತಗೋತಾರೆ? ಜನ ಹೋಗೋದು ಯೂನಿಯನ್ ಸ್ಟೇಷನ್ ಎಂಬ ರೈಲು ನಿಲ್ದಾಣಕ್ಕೆ. 1933ರ ಜೂನ್ 17ರಂದು ಅಲ್ಲಿ ಮೂವರು ಪೊಲೀಸ್ ಅಧಿಕಾರಿಗಳು, ಒಬ್ಬ ಎಫ್‌ಬಿಐ ಅಧಿಕಾರಿ ಮತ್ತು ಅವರು ಕರೆದೊಯ್ಯುತ್ತಿದ್ದ ಕೈದಿ ಫ್ರಾಂಕ್ ನ್ಯಾಶ್ ಸತ್ತರು. ಗೋಡೆಯ ಗುಳಿಗಳಿಗೆ ಬೆರಳಿಟ್ಟು ಇದೇ ಗುಂಡಿನ ಗುರುತು ಅಂತಾರೆ. ಸರಿ, ಆದರೆ ಅದು ಮೂಲತಃ ಮಾಫಿಯಾ ಕೊಲೆಯೇ ಅಲ್ಲ! ಬ್ಯಾಂಕ್ ದರೋಡೆಕೋರರ ಕಡೆಯ ಕೆಲಸ. ಲೇಜಿಯಾ ನೆರವಾದ ಅನ್ನೋ ಮಾತಿದೆ, ಅಷ್ಟೆ. ಪ್ರವಾಸಿಗೆ ಈ ವ್ಯತ್ಯಾಸ ಬೇಕಿಲ್ಲ. ಟೊಪ್ಪಿ, ಸೂಟು, ಮೆಷಿನ್ ಗನ್ ಇದ್ದರೆ ಸಾಕು, ಎಲ್ಲ ಒಂದೇ ಚೀಲಕ್ಕೆ.

ಊರಿನ ಇಟಾಲಿಯನ್ನರಿಗೆ ಇದು ಹೇಗನ್ನಿಸುತ್ತದೆ ಅಂತಲೂ ಕೇಳಬೇಕು. ಮರಿಯನ್ ಟ್ರೊಝೋಲೊ ಎಂಬ ಉದ್ಯಮಿಯನ್ನೇ ನೋಡಿ. ಎಣ್ಣೆ ಅಂಟದ ಟೆಫ್ಲಾನ್ ಬಾಣಲೆಯನ್ನು ಅಮೆರಿಕದ ಅಡುಗೆಮನೆಗೆ ಮೊದಲು ತಂದವರಲ್ಲಿ ಒಬ್ಬ. ಎಪ್ಪತ್ತರ ದಶಕದ ಶುರುವಿನಲ್ಲಿ ಮಿಸೌರಿ ನದಿಯ ಹತ್ತಿರದ ಹಳೆಯ ಗೋದಾಮುಗಳನ್ನು ಸರಿಮಾಡಿಸಿ ‘ರಿವರ್ ಕೀ’ ಅನ್ನೋ ಬಡಾವಣೆ ಕಟ್ಟಿದ. ಪುಟ್ಟ ಅಂಗಡಿ, ಕಲಾವಿದರು, ಹೋಟೆಲ್. ಸಂಸಾರಸ್ಥರು ಸಂಜೆ ಬರುವ ಜಾಗ. ಆ ಹೊತ್ತಿಗೆ ಊರ ನಡುವಿನ 12ನೇ ಬೀದಿಯ ಬಾರುಗಳನ್ನು ಎತ್ತಂಗಡಿ ಮಾಡುತ್ತಿದ್ದರು. ಮಾಫಿಯಾದವರ ಕಣ್ಣು ರಿವರ್ ಕೀ ಮೇಲೆ ಬಿತ್ತು. ನಗ್ನ ನೃತ್ಯದ ಬಾರುಗಳು ಬಂದವು. ಅಲ್ಲಿ ಹೋಟೆಲ್ ನಡೆಸುತ್ತಿದ್ದ ಫ್ರೆಡ್ ಬೊನಡೊನ್ನಾ ಎದುರು ನಿಂತ. 1976ರ ಜುಲೈನಲ್ಲಿ ಅವನ ತಂದೆ ಡೇವಿಡ್ ಬೊನಡೊನ್ನಾನ ಹೆಣ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. 1977ರ ಮಾರ್ಚ್‌ನಲ್ಲಿ ಬಾಂಬ್ ಸಿಡಿದು ಎರಡು ಬಾರುಗಳು ನೆಲಸಮ. ಜನ ಬರೋದು ನಿಂತಿತು. ಫ್ರೆಡ್ ಸಾಕ್ಷಿ ಹೇಳಿ, ಸರ್ಕಾರದ ರಕ್ಷಣೆಯಲ್ಲಿ ಊರು ಬಿಟ್ಟ.

ಎದುರು ನಿಂತವರೂ ಇಟಾಲಿಯನ್ನರು, ಕಳೆದುಕೊಂಡವರೂ ಇಟಾಲಿಯನ್ನರು. ಟೂರ್‌ನಲ್ಲಿ ಉಳಿಯೋದು ಬಾಂಬ್ ಇಟ್ಟವರ ಅಡ್ಡಹೆಸರುಗಳು. ರಿವರ್ ಕೀ ಈಗ ರಿವರ್ ಮಾರ್ಕೆಟ್ ಆಗಿ ಮತ್ತೆ ಜೀವ ತುಂಬಿಕೊಂಡಿದೆ. ಅಲ್ಲಿ ತರಕಾರಿ ಕೊಳ್ಳಲು ಬಂದವರ ಪಕ್ಕ ಮೈಕ್ ಹಿಡಿದು ‘ಇಲ್ಲೇ ಸಿಡಿದದ್ದು’ ಅಂತ ಕೂಗಬೇಕಾ? ಆ ಕಾಲದಲ್ಲಿ ಅಪ್ಪನನ್ನೋ ಅಣ್ಣನನ್ನೋ ಕಳಕೊಂಡವರು ಇನ್ನೂ ಬದುಕಿದ್ದಾರೆ.

ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಕೋರ್ಟ್ ದಾಖಲೆ ಇದೆ, ಪತ್ರಿಕೆಗಳ ಹಳೆಯ ವರದಿ ಇದೆ. ಬೇಕಾದವರು ಓದಲಿ. ಓದುವವನಿಗೆ ತಾಳ್ಮೆ ಇರುತ್ತದೆ, ಬಸ್ಸಿನಲ್ಲಿ ಎರಡು ಗಂಟೆ ಕೂರುವವನಿಗೆ ಇರಲ್ಲ.

ಲಿಯಾನ್ ಜೋರ್ಡನ್ ಪ್ರಕರಣ ನೋಡಿ. ಕಪ್ಪು ಜನರ ನಾಯಕ, ಶಾಸಕ, ಮೊದಲು ಪೊಲೀಸ್ ಆಗಿದ್ದವನು. 1962ರಲ್ಲಿ ‘ಫ್ರೀಡಮ್’ ಎಂಬ ರಾಜಕೀಯ ಸಂಘಟನೆ ಕಟ್ಟಿದವರಲ್ಲಿ ಒಬ್ಬ. ಕಪ್ಪು ಜನರ ವೋಟು ಯಾವ ಧಣಿಯ ಜೇಬಲ್ಲೂ ಇರಬಾರದು ಅನ್ನೋದು ಅವನ ಹಟ. 1970ರ ಜುಲೈ 15ರ ನಸುಕಿನಲ್ಲಿ ತನ್ನದೇ ಗ್ರೀನ್ ಡಕ್ ಬಾರಿನ ಹೊರಗೆ ಕೊಲೆಯಾದ. ಯಾರಿಗೂ ಶಿಕ್ಷೆಯಾಗಲಿಲ್ಲ. ನಲವತ್ತು ವರ್ಷದ ನಂತರ ಪತ್ರಕರ್ತರು ಮತ್ತೆ ಕೆದಕಿದ್ದಕ್ಕೆ ಪೊಲೀಸರು ಮರುತನಿಖೆ ಮಾಡಿದರು. ಸ್ಥಳೀಯ ಕಪ್ಪು ಗ್ಯಾಂಗಿನವರ ಜೊತೆ ಇಟಾಲಿಯನ್ ಮಾಫಿಯಾದ ನಂಟೂ ಇತ್ತು ಅಂತ 2011ರಲ್ಲಿ ವರದಿ ಹೇಳಿತು. ಇದನ್ನು ಹೊರಗೆ ತಂದದ್ದು ಟೂರ್ ಗೈಡ್ ಅಲ್ಲ. ಕಡತ ಹಿಡಿದು ಕೂತವರು.

ಜೋರ್ಡನ್‌ನ ಪ್ರತಿಮೆ 31ನೇ ಬೀದಿ ಬೆಂಟನ್ ಬುಲೆವಾರ್ಡ್‌ಗೆ ಸೇರುವ ಕಡೆ ಒಂದು ಪಾರ್ಕಿನಲ್ಲಿದೆ. ನೋಡಲು ಟಿಕೆಟ್ ಬೇಡ.