ಧಾರವಾಡದ ನಳಕ್ಕ ದಿಲ್ಲಿ ಇಂಟರ್ನ್

ಧಾರವಾಡದ ನೀರಿನ ಸಮಸ್ಯೆ ತಿಳ್ಕೋಬೇಕಂದ್ರ ಈಗ ಧಾರವಾಡ ಬಿಟ್ಟು ದಿಲ್ಲಿಗೆ ಹೋಗ್ಬೇಕಂತ್ರಿ. ಇಲ್ಲಿ ಬರೇ ಖಾಲಿ ಕೊಡ ಅದಾವ, ಡೇಟಾ ಎಲ್ಲಾ ಅಲ್ಲೇ ಐತಿ. ನಮ್ಮಕ್ಕನ ಮಗ ಪಬ್ಲಿಕ್ ಪಾಲಿಸಿ ಇಂಟರ್ನ್‌ಶಿಪ್ ಅಂತ ಒಂದು ಸೆಮಿಸ್ಟರ್ ಪೂರ್ತಿ ಅಲ್ಲಿಗೆ ಹೋದ. ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಐತಿ, ರೂಮ್ ಬಾಡಿಗಿ ಮಾಮಾನ ಅಂದ್ರ ನನ್ನ ಫೋನ್‌ಪೇ ಮ್ಯಾಲ. ಬಡತನ ಹೆಂಗ ಹೋಗಸ್ಬೇಕು ಅಂತ ವಿಚಾರ ಮಾಡೋ ಸಂಸ್ಥೆ ಅದು, ಹುಡುಗೂರಿಗೆ ಪಗಾರ ಕೊಟ್ಟು ಬಡತನದ ಅನುಭವ ತಪ್ಪಸ್ಬಾರ್ದು ಅಂತ ಇರ್ಬೇಕು.

ಅವಂಗ ಕೊಟ್ಟ ಕೆಲಸ ಏನಂದ್ರ ಸಣ್ಣ ನಗರದಾಗ ನೀರು ಪೂರೈಕೆ ಹೆಂಗೈತಿ ನೋಡೋದು. ಕೊಟ್ಟ ಊರು ಹುಬ್ಬಳ್ಳಿ-ಧಾರವಾಡ!

ಹಂಗ ನೋಡಿದ್ರ ನಮ್ಮೂರ ನೀರಿನ ಮ್ಯಾಲ ಓದಿದವರಿಗೇನೂ ಬರ ಇಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ರೊಕ್ಕದಾಗ ಒಂದಿಷ್ಟು ವಾರ್ಡಿಗೆ 24 ತಾಸೂ ನೀರು ಬಿಟ್ಟು ತೋರ್ಸಿದ್ರು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಸಂಶೋಧಕರು ಬಂದು ಮನಿಮನಿ ಅಡ್ಡ್ಯಾಡಿ ನೀರು ಟೆಸ್ಟ್ ಮಾಡಿ ಪೇಪರ್ ಬರದ್ರು, 2016ರಾಗ ಇಡೀ ಊರಿಗೆ ಕೊಡ್ತೀವಿ ಅಂತ ಮತ್ತ ಸಾಲ ಆತು, ಊರಿನ ವಾರ್ಡ್ ಹೆಚ್ಚಾಗಿ 82 ಆದ್ವು, ರಸ್ತೆ ಅಗದ್ರು, ಪೈಪ್ ಹಾಕಿದ್ರು, ಹಾಕಿದ್ದನ್ನ ನೋಡಾಕ ಮತ್ತ ಅಗದ್ರು. ನಮ್ಮ ಓಣಿಗೆ ಮಾತ್ರ ಮಲಪ್ರಭೆ ಇನ್ನೂ ಬೀಗರು ಬಂದಂಗ ವಾರಕ್ಕೊಮ್ಮೆ ಬರ್ತಾಳ, ಅದೂ ಮಲಗಿದ ಮ್ಯಾಲ.

ಒಂದಿನ ಹುಡುಗ ಅವ್ವಗ ಫೋನ್ ಹಚ್ಚಿದ. ಅವ್ವ ಅಂತ ಅಲ್ಲ, ಸ್ಟೇಕ್‌ಹೋಲ್ಡರ್ ಅಂತ, ಅಂದ್ರ ನೀರಿಗೆ ಸಂಬಂಧಪಟ್ಟಾಕಿ ಅಂತ.

"ಅವ್ವಾ, ಒಬ್ಬರಿಗೆ ದಿನಕ್ಕ ಎಷ್ಟು ಲೀಟರ್ ಸಿಗ್ತಾವು? ರೂಲ್ ಪ್ರಕಾರ 135 ಸಿಗ್ಬೇಕು."

"ವಾರಕ್ಕೊಮ್ಮೆ ಬರೋ ನೀರಿಗೆ ದಿನದ ಲೆಕ್ಕ ಹೆಂಗ್ ಹೇಳ್ಲೋ? ನೀ ಇದ್ದಾಗ ಸಂಪಿನ ಮುಚ್ಚಳಾ ತಗದು ನೀನ ನೋಡ್ತಿದ್ದಿ, ಮರತಿ ಏನು?"

"ನನಗ ಗೊತ್ತೈತಿ ಅವ್ವಾ, ಆದ್ರ ನಾ ಹೇಳಿದ್ರ ನಡಿಯೂದಿಲ್ಲ, ಫೀಲ್ಡಿನಿಂದ ಬರ್ಬೇಕು. ದಿನಕ್ಕ ಎಷ್ಟು ತಾಸು ಬರ್ತಾವ ಅದನ್ನರ ಹೇಳು."

"ಬಂದ ದಿನ ಮೂರು ತಾಸು."

ಫಾರ್ಮಿನ್ಯಾಗ ವಾರ ಅನ್ನೋ ಖಾನೆನ ಇಲ್ಲಂತ. ದಿನಕ್ಕ ಒಂದರಿಂದ ನಾಕು ತಾಸು, ನಾಕರಿಂದ ಎಂಟು ತಾಸು, ಹಿಂಗ ಅದಾವ, ಒಂದನ್ನ ಒತ್ತಲಿಲ್ಲಂದ್ರ ಮುಂದಿನ ಪ್ರಶ್ನೆ ತಗಿಯೂದಿಲ್ಲ. ಹುಡುಗ ಸರ್‌ಗ ಕೇಳಿದ, ಸರ್ ಅಂದ್ರು ಖಾಲಿ ಬಿಡಬ್ಯಾಡ, ಗ್ರಾಫ್ ಕೆಡ್ತೈತಿ, ಹತ್ರದ್ದು ಒತ್ತು. ಒತ್ತಿದ. ಒಂದರಿಂದ ನಾಕು. ಆ ಒಂದು ಕ್ಲಿಕ್ಕಿಗೆ ನಮ್ಮ ಓಣಿಗೆ ದಿನಾ ನೀರು ಬಂದ್ವು ನೋಡ್ರಿ, ಇಷ್ಟು ವರ್ಷ ಯಾ ಕಾರ್ಪೊರೇಟರ್ ಕೈಲೂ ಆಗಿರಲಿಲ್ಲ.

ಅಂದಂಗ ಈ ಹುಡುಗ ಇದ್ದ ರೂಮು ದಿಲ್ಲಿಯ ಸಂಗಮ್ ವಿಹಾರದಾಗ. ಅಲ್ಲಿ ಮಂದಿ ಟ್ಯಾಂಕರ್ ಬಂತಂದ್ರ ಪೈಪ್ ಹಿಡ್ಕೊಂಡು ಓಡ್ತಾರ, ಇವನೂ ಮುಂಜಾನೆ ಬಕೆಟ್ ಹಿಡ್ಕೊಂಡು ಓಡಿ, ಆಮ್ಯಾಲ ಇಸ್ತ್ರಿ ಅಂಗಿ ಹಾಕ್ಕೊಂಡು ಎಸಿ ರೂಮಿನ್ಯಾಗ ಕುಂತು ಧಾರವಾಡಕ್ಕ ನೀರು ಹೆಂಗ ಕೊಡ್ಬೇಕಂತ ಪಿಪಿಟಿ ಮಾಡ್ತಿದ್ದ. ದಿಲ್ಲಿ ನೀರಿನ ಬಗ್ಗೆ ಯಾಕ ಬರಿಲಿಲ್ಲೋ ಅಂದ್ರ, "ಮಾಮಾ, ಅದು ಬ್ಯಾರೆ ಟೀಮಿನ ಪ್ರಾಜೆಕ್ಟು, ಅವರು ಚೆನ್ನೈದಾಗ ಅದಾರ" ಅಂದ.

ರಿಪೋರ್ಟ್ ಬಂತು. ನುಣುಪು ಹಾಳಿ, ರಟ್ಟಿನ ಮ್ಯಾಲ ಕೊಡ ಹೊತ್ತ ಹೆಣಮಗಳ ಫೋಟೋ, ಆಕಿ ರಾಜಸ್ಥಾನದಾಕಿ. ಮ್ಯಾಪಿನ್ಯಾಗ ನಮ್ಮ ಏರಿಯಾ ಹಸರು ಬಣ್ಣ.

ಮೊನ್ನೆ ಒಂಬತ್ತು ದಿನ ಆದ್ರೂ ನೀರು ಬರ್ಲಿಲ್ಲಂತ ಓಣಿ ಹೆಣ್ಮಕ್ಕಳೆಲ್ಲಾ ನೀರಿನ ಆಫೀಸಿಗೆ ಹೋದ್ರು, ಅಕ್ಕನ ಮುಂದ. ಸಾಹೇಬ್ರು ಸಿಟ್ಟಾಗ್ಲಿಲ್ಲ, ಕುಂಡ್ರಿಸಿ ಚಹಾ ತರ್ಸಿ ಲ್ಯಾಪ್‌ಟಾಪ್ ತಿರುಗ್ಸಿ ತೋರ್ಸಿದ್ರು. "ನೋಡ್ರಿ ಅಕ್ಕಾರ, ನಿಮಗ ದಿನಾ ನೀರು ಬರ್ತಾವಂತ ದಿಲ್ಲಿಯವರ ಬರದಾರ, ನಾವೇನು ಹೇಳಿದ್ದಲ್ಲ."

ಅಕ್ಕ ಕಣ್ಣಿಗೆ ಚಸ್ಮಾ ಏರಿಸ್ಕೊಂಡು ಕೆಳಗಿನ ಹೆಸರು ಓದಿದ್ಲು. "ಅಯ್ಯ, ಇದು ನಮ್ಮ ಹುಡುಗನ ಬರದದ್ರಿ ಸಾಹೇಬ್ರ! ಒಂದು ಝೆರಾಕ್ಸ್ ಕೊಡ್ರಿ, ಫ್ರೇಮ್ ಹಾಕಸ್ತೀನಿ."