ಮ್ಯಾಕ್‌ಬೆತ್‌ಗೆ ಪೀಚೆಕತ್ತಿ ಕೊಡದ ತಾತ

ಈ ಸಲ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ನಮ್ಮೂರ ಹುಡುಗರು ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡಿದರು, ತನ್ನ ದೊರೆ ಡಂಕನ್‌ನನ್ನು ಕೊಂದು ರಾಜನಾಗೋ ಸ್ಕಾಟ್ಲೆಂಡ್ ಸರದಾರನ ಕಥೆ. ಮಡಿಕೇರಿಯಿಂದ ಸ್ವಲ್ಪ ಆಚೆ, ತಗಡಿನ ಮಾಡಿನ ಒಂದು ಹಾಲ್. ಗುಡುಗು ಸಿಡಿಲಿಗೆ ಅಂತ ಮೊಬೈಲ್‌ನಲ್ಲಿ ಏನೇನೋ ಸೌಂಡ್ ಇಳಿಸಿಕೊಂಡಿದ್ದರು. ಒಂದೂ ಬೇಕಾಗಲಿಲ್ಲ. ಮಳೆ ತಗಡಿನ ಮೇಲೆ ಹೊಡೆದ ಹೊಡೆತಕ್ಕೆ ಮೂರು ಮಾಟಗಾತಿಯರ ಮಾತೇ ಯಾರಿಗೂ ಸರಿಯಾಗಿ ಕೇಳಲಿಲ್ಲ. ನಾನು ಪ್ರಾಂಪ್ಟರ್. ಪಕ್ಕದ ಪರದೆ ಹಿಂದೆ ಟಾರ್ಚ್ ಹಿಡಿದು, ಕಾಲಿಗೆ ಹತ್ತಿದ್ದ ಜಿಗಣೆ ಕೀಳುತ್ತಾ ಕೂತಿದ್ದೆ.

ನಾಟಕ ಮುಗಿದ ಮೇಲೆ ಅತಿಥಿಯೊಬ್ಬರು ಮೈಕ್ ಹಿಡಿದರು. "ಅತಿಯಾಸೆ ಗತಿಗೇಡು. ಈ ನಾಟಕದ ಸಂದೇಶ ಇಷ್ಟೇ" ಅಂದರು. ಆಮೇಲೆ ಇಂದಿನ ಯುವಜನತೆ, ಮೊಬೈಲ್, ಬೈಕ್, ಸಾಲ ಅಂತ ಹತ್ತು ನಿಮಿಷ. ಪಾಪ, ಅವರನ್ನು ಬೈಯೋ ಹಾಗಿಲ್ಲ. ನಮ್ಮ ಪೋಸ್ಟರ್‌ನಲ್ಲೇ ನಾಟಕದ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಅದೇ ಗಾದೆ ಇತ್ತು. ಹುಡುಗರು ಕೇಳಿದಾಗ ಸುಮ್ನೆ ಹೂಂ ಅಂದವನು ನಾನೇ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಿತ್ತು. ಎರಡು ತಿಂಗಳು ಆ ನಾಟಕದ ಒಂದೊಂದು ಮಾತನ್ನೂ ಪಿಸುಗುಟ್ಟಿ ಹೇಳಿಕೊಟ್ಟವನಿಗೆ ಅದು ಸುಳ್ಳು ಅಂತ ಗೊತ್ತಿರಬೇಕಿತ್ತು.

ಆಸೆಯೇ ತಪ್ಪಾದರೆ ಮ್ಯಾಕ್‌ಬೆತ್‌ನ ಗೆಳೆಯ ಬ್ಯಾಂಕೋನನ್ನು ಏನು ಮಾಡೋದು? ಮಾಟಗಾತಿಯರ ಮಾತು ಇಬ್ಬರೂ ಕೇಳಿದ್ದಾರೆ. ಒಬ್ಬನಿಗೆ ನೀನೇ ರಾಜ ಆಗ್ತೀಯ ಅಂದರು, ಇನ್ನೊಬ್ಬನಿಗೆ ನಿನ್ನ ಮಕ್ಕಳು ಮೊಮ್ಮಕ್ಕಳು ಆಗ್ತಾರೆ ಅಂದರು. ಬ್ಯಾಂಕೋಗೂ ಆಸೆ ಹುಟ್ಟುತ್ತದೆ. ಕೊಲೆಯ ರಾತ್ರಿ ಅವನು ಮಲಗೋಕೆ ಹೆದರುತ್ತಾನೆ, ಮಲಗಿದರೆ ಕೆಟ್ಟ ಯೋಚನೆ ಬರುತ್ತದೆ, ಅದನ್ನು ತಡಿ ಅಂತ ದೇವರನ್ನು ಬೇಡುತ್ತಾನೆ. ಅದೇ ಬೀಜ, ಅದೇ ಮಣ್ಣು, ಆದರೂ ಅಲ್ಲಿ ಕತ್ತಿ ಮೊಳೆಯಲಿಲ್ಲ.

ಇನ್ನು ಮ್ಯಾಕ್‌ಬೆತ್. ಕೊಲೆಗೆ ಮೊದಲು ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ. ನನ್ನ ದೊರೆ. ಅದರ ಮೇಲೆ ಇವತ್ತು ನನ್ನ ಮನೆಗೆ ಬಂದಿರೋ ಅತಿಥಿ. ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನು, ನಾನೇ ಕತ್ತಿ ಹಿಡಿಯೋದಾ? ಈ ಕಡೆ ತಕ್ಕಡಿಯಲ್ಲಿ ಏನಿದೆ ಅಂತ ನೋಡಿದರೆ ಬರೀ ಹಂಬಲ, ಕುದುರೆ ಹತ್ತೋಕೆ ಹಾರಿ ಆ ಕಡೆ ಬೀಳೋ ಅಂಥ ಹಂಬಲ. ಇದು ಅವನೇ ಹೇಳೋ ಮಾತು. ಹೇಳಿ, ಹೆಂಡತಿ ಬಂದ ಕೂಡಲೇ "ಈ ಕೆಲಸ ಇಲ್ಲಿಗೇ ಬಿಡೋಣ" ಅಂತಾನೆ. ಅಂದರೆ ನಾಟಕದ ನಾಯಕ ಕೊಲೆ ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ದಾನೆ! ಇಲ್ಲಿಗೆ ಅತಿಯಾಸೆ ಸೋತಿದೆ. ಗಾದೆಯ ಕೆಲಸ ಮುಗೀತು.

ಆಮೇಲೆ ಅವಳು ಕೇಳೋದು ಒಂದೇ ಪ್ರಶ್ನೆ, ನೀನು ಗಂಡಸಾ ಅಂತ. ಅಷ್ಟೇ. ರಾಜ್ಯ, ಕಿರೀಟ ಅಂತ ಆಸೆ ತೋರಿಸೋದಕ್ಕಿಂತ ಜಾಸ್ತಿ ಅವಳು ಚುಚ್ಚೋದು ಇಲ್ಲಿ. ಕೆಲವೇ ನಿಮಿಷದಲ್ಲಿ ಆಸಾಮಿ ಒಪ್ಪಿಬಿಡುತ್ತಾನೆ. ಡಂಕನ್‌ನನ್ನು ಕೊಂದದ್ದು ಆಸೆ ಅಲ್ಲ, ಹೇಡಿ ಅನ್ನಿಸಿಕೊಳ್ಳೋ ಭಯ. ಮದುವೆ ಮನೆಯಲ್ಲಿ ಬೇಡ ಬೇಡ ಅಂದುಕೊಂಡೇ ಗ್ಲಾಸ್ ಎತ್ತಿದವರಿಗೆ, ನೆರೆಯವನ ಮುಂದೆ ಕಡಿಮೆ ಆಗಬಾರದು ಅಂತ ಬೇಲಿ ಜಗಳವನ್ನು ಕೋರ್ಟಿಗೆ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಆ ಪಟ್ಟಿಯಲ್ಲಿ ಇದ್ದೇನೆ, ಯಾವುದರಲ್ಲಿ ಅಂತ ಕೇಳಬೇಡಿ.

ಈಗ ಕತ್ತಿ ವಿಷಯ. ರಿಹರ್ಸಲ್ ಶುರುವಾದಾಗ ಮ್ಯಾಕ್‌ಬೆತ್ ಪಾತ್ರದ ಹುಡುಗನಿಗೆ ಒಂದು ಐಡಿಯಾ ಬಂತು. ಗಾಳಿಯಲ್ಲಿ ತೇಲೋ ಕತ್ತಿ ಕಾಣೋ ದೃಶ್ಯಕ್ಕೆ ನಿಜವಾದ ಪೀಚೆಕತ್ತಿ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸೋ ಕತ್ತಿ, ಬಳಸೋಣ ಅಂತ. ಬೆಳ್ಳಿ ಹಿಡಿ, ಬೆಳ್ಳಿ ಸರಪಳಿ, ಲೈಟ್ ಬಿದ್ದರೆ ಫಳಫಳ. ಗೆಳೆಯನೊಬ್ಬನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಹಳೇದೊಂದು ಇತ್ತು. ಕೇಳೋಕೆ ನಾಲ್ಕು ಜನ ಹೋದೆವು. ಅವನ ತಾತ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹುಡುಗ ಕಥೆ ಪೂರ್ತಿ ಹೇಳಿದ. ತಾತ ಕೇಳಿದರು, ನಡುವೆ ಒಂದು ಸಲ ಎದ್ದು ಹೋಗಿ ಉಗಿದು ಬಂದರು.

"ಅವನು ಕೊಲ್ಲೋದು ಎಲ್ಲಿ? ಕಾಡಲ್ಲಾ, ಯುದ್ಧದಲ್ಲಾ?"

"ಮನೆಯಲ್ಲೇ ತಾತ. ಅವನ ಮನೆಗೇ ಬಂದು ಮಲಗಿರ್ತಾನೆ ರಾಜ."

"ಊಟ ಹಾಕಿದ್ನಾ?"

"ಹಾಕಿರ್ತಾನೆ ತಾತ."

"ಹಂಗಾದ್ರೆ ಕೊಡಲ್ಲ. ಇದು ಕುಪ್ಯ ತೊಟ್ಟು ಚೇಲೆ ಕಟ್ಟಿ ಮದುವೆಗೆ ಸೊಂಟಕ್ಕೆ ಸಿಕ್ಕಿಸೋ ಕತ್ತಿ. ಉಣ್ಣಿಸಿ ಮಲಗಿಸಿದವನ ಮೇಲೆ ಎತ್ತೋಕಲ್ಲ. ನಾಟಕ ಆದ್ರೇನು?"

ಹುಡುಗನ ಮುಖ ಸಣ್ಣದಾಯಿತು. ನನಗೆ ಮಾತ್ರ ಮೈ ಜುಂ ಅಂದಿತ್ತು. ಯಾಕಂದರೆ ಶೇಕ್ಸ್‌ಪಿಯರ್ ಎಲ್ಲಾ ಬಿಟ್ಟು ಆರಿಸಿಕೊಂಡದ್ದು ಇದನ್ನೇ. ನಿಜವಾದ ಮ್ಯಾಕ್‌ಬೆತ್ 1040ರಲ್ಲಿ ಡಂಕನ್‌ನನ್ನು ಕೊಂದದ್ದು ಹಾಸಿಗೆಯ ಮೇಲಲ್ಲ, ಹೊರಗೆ ಕಾಳಗದಲ್ಲಿ. ಆಮೇಲೆ 17 ವರ್ಷ ಸ್ಕಾಟ್ಲೆಂಡ್ ಆಳಿದ. ಆ ಕಾಲಕ್ಕೆ ಅದೇನು ಅಂಥ ಅಪರೂಪವಲ್ಲ. ಶೇಕ್ಸ್‌ಪಿಯರ್ ಓದಿದ ಹೋಲಿನ್‌ಶೆಡ್‌ನ ಇತಿಹಾಸದಲ್ಲಿ ಬೇರೆ ಕಡೆ ಇನ್ನೊಂದು ಕೊಲೆ ಇದೆ. ಡಫ್ ಅನ್ನೋ ರಾಜನನ್ನು ಡಾನ್‌ವಾಲ್ಡ್ ಅನ್ನೋನು ತನ್ನ ಕೋಟೆಗೆ ಅತಿಥಿಯಾಗಿ ಬಂದಾಗ, ಹೆಂಡತಿ ಮಾತು ಕೇಳಿ ಕೊಲ್ಲಿಸಿದ. ಅದನ್ನು ಕಿತ್ತು ತಂದು ಮ್ಯಾಕ್‌ಬೆತ್ ಮನೆಯೊಳಗೆ ನೆಟ್ಟಿದ್ದಾನೆ. ಕಾಳಗದ ಕೊಲೆ ಆಗಿದ್ದರೆ ನಮ್ಮ ತಾತ ಕತ್ತಿ ಕೊಟ್ಟುಬಿಡುತ್ತಿದ್ದರೋ ಏನೋ.

ಹಾಗಂತ ಶೇಕ್ಸ್‌ಪಿಯರ್ ಏನು ಧರ್ಮರಾಯ ಅಲ್ಲ. ಅದೇ ಹೋಲಿನ್‌ಶೆಡ್‌ನಲ್ಲಿ ಬ್ಯಾಂಕೋಗೂ ಕೊಲೆಯಲ್ಲಿ ಪಾಲಿದೆ. ನಾಟಕದಲ್ಲಿ ಅವನು ತೊಳೆದ ಮುತ್ತು. ಯಾಕೆ? 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಜೇಮ್ಸ್ ದೊರೆ ತಾನು ಬ್ಯಾಂಕೋ ವಂಶದವನು ಅಂತ ನಂಬಿದ್ದ, ಶೇಕ್ಸ್‌ಪಿಯರ್‌ನ ಕಂಪನಿಗೆ ಆಶ್ರಯ ಕೊಟ್ಟವನೂ ಅವನೇ. ಹಂಬಲದ ಬಗ್ಗೆ ಬರೆಯೋ ನಾಟಕಕಾರನಿಗೂ ಹೊಟ್ಟೆ ಅಂತ ಒಂದು ಇರುತ್ತದಲ್ಲ.

ನಮಗೆ ಈ ನಾಟಕ ಗಾದೆಯಾಗಿ ಕಾಣೋದಕ್ಕೆ ಒಂದು ಕಾರಣ ನಮ್ಮ ಮಡಿಕೇರಿ ದಸರಾ ಅಂತ ನನ್ನ ಗುಮಾನಿ. ಬೇಜಾರು ಮಾಡ್ಕೋಬೇಡಿ, ನಾನೂ ವಿಜಯದಶಮಿ ರಾತ್ರಿ ಬೆಳಗಿನ ತನಕ ಚಳಿಯಲ್ಲಿ ನಿಂತು ದಶಮಂಟಪ ನೋಡುವವನೇ. ಹತ್ತು ಮಂಟಪ, ಹೊಗೆ, ಲೈಟು, ಅಲುಗಾಡೋ ಬೊಂಬೆಗಳು. ಒಂದು ಕಡೆ ಮಹಿಷಾಸುರ ಸತ್ತ ಅನ್ನುವಷ್ಟರಲ್ಲಿ ಇನ್ನೊಂದು ಕಡೆ ಬೇರೆ ಅಸುರ ಘರ್ಜಿಸುತ್ತಾನೆ. ಚೆಂದ ಇರುತ್ತದೆ. ಆದರೆ ಅಲ್ಲಿ ಅಸುರ ಬರುವಾಗಲೇ ಕೋರೆಹಲ್ಲು ಇಟ್ಟುಕೊಂಡೇ ಬರುತ್ತಾನೆ. ಅವನು ಎಂದಾದರೂ "ಬೇಡ, ಇಲ್ಲಿಗೇ ಬಿಡೋಣ" ಅಂದದ್ದನ್ನು ಯಾವ ಮಂಟಪವೂ ತೋರಿಸಿಲ್ಲ. ಮ್ಯಾಕ್‌ಬೆತ್ ನಾಟಕದಲ್ಲಿ ನಾವು ನೋಡೋದು ಕೋರೆಹಲ್ಲು ಮೂಡೋದನ್ನು, ಒಂದೊಂದಾಗಿ.

ಅವನ ಹೆಂಡತಿಯನ್ನೇ ನೋಡಿ. ರಾಕ್ಷಸಿ ಅಂತ ಎಲ್ಲರೂ ಬರೆದಿಟ್ಟುಬಿಟ್ಟಿದ್ದಾರೆ. ಆ ಪಾತ್ರ ಮಾಡಿದ ಹುಡುಗಿ ಒಂದು ದಿನ ಸ್ಕ್ರಿಪ್ಟ್ ಹಿಡಿದುಕೊಂಡು ಬಂದು ಕೇಳಿದಳು, "ಸರ್, ಮಲಗಿದ್ದಾಗ ರಾಜ ನಮ್ಮಪ್ಪನ ಥರ ಕಾಣದೇ ಇದ್ದಿದ್ರೆ ನಾನೇ ಮಾಡ್ತಿದ್ದೆ ಅಂತಾಳಲ್ಲ, ಇದನ್ನ ಹೇಗೆ ಹೇಳ್ಲಿ?" ನನಗೆ ಉತ್ತರ ಹೊಳೆಯಲಿಲ್ಲ, ಮೆಲ್ಲಗೆ ಹೇಳು ಅಂದೆ. ಅವಳು ಎಷ್ಟು ಮೆಲ್ಲಗೆ ಹೇಳಿದಳು ಅಂದರೆ ಮಳೆಯಲ್ಲಿ ಮೂರನೇ ಸಾಲಿಗೂ ಕೇಳಿರಲಿಕ್ಕಿಲ್ಲ. ಪರದೆ ಪಕ್ಕ ಕೂತಿದ್ದ ನನಗೆ ಕೇಳಿತು. ಕೈ ತೊಳೆದರೂ ರಕ್ತ ಹೋಗಲ್ಲ ಅಂತ ಅವಳು ನಿದ್ದೆಯಲ್ಲಿ ನಡೆಯೋದು ಕೊನೆಯ ಅಂಕದಲ್ಲಿ. ಆದರೆ ಆ ಕಾಯಿಲೆ ಹಿಡಿದದ್ದು ಈ ಮಾತಿನ ಹೊತ್ತಿಗೇ ಅಲ್ವಾ?

ಇನ್ನೊಂದು ಮಾತು. ಕನ್ನಡದಲ್ಲಿ ಆಸೆಗೆ ಎಷ್ಟು ಹೆಸರಿದೆ ನೋಡಿ. ಹಂಬಲ, ಹಪಾಹಪಿ, ದುರಾಸೆ, ಛಲ. ಇವೆಲ್ಲ ಒಂದೇ ಅಲ್ಲ. ಪಂಪ ದುರ್ಯೋಧನನನ್ನು ನೆನೆಯೋದು ಛಲಕ್ಕೆ. ರನ್ನನ ಗದಾಯುದ್ಧದಲ್ಲಿ ಆ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ಅದು ಕಾವ್ಯ, ಆದರೆ ಎಷ್ಟು ನಾಟಕ ತುಂಬಿದೆ ಅಂದರೆ ಬಿ.ಎಂ. ಶ್ರೀ ಅದನ್ನು ನಾಟಕವಾಗಿಯೇ ಹೊಂದಿಸಿದರು. ಕರ್ಣನ ಹೆಣ ಕಂಡು ದುರ್ಯೋಧನ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯು ಬಿದ್ದಿದ್ದರೆ ಅಲ್ಲೂ ನಿಂತು, ನಿನ್ನ ಥರದ ಸಾವು ನನಗೂ ಬರಲಿ ಅಂತಾನೆ. ಮ್ಯಾಕ್‌ಬೆತ್ ಗೆಳೆಯನನ್ನೇ ಕೊಲ್ಲಿಸುತ್ತಾನೆ, ಮ್ಯಾಕ್‌ಡಫ್ ಅನ್ನೋ ಇನ್ನೊಬ್ಬ ಸರದಾರ ಊರಲ್ಲಿ ಇಲ್ಲದಾಗ ಅವನ ಹೆಂಡತಿ ಮಕ್ಕಳ ಮೇಲೆ ಜನ ಬಿಡುತ್ತಾನೆ. ಕೊನೆಗೆ ಸ್ವಂತ ಹೆಂಡತಿ ಸತ್ತಳು ಅಂತ ಸುದ್ದಿ ಬಂದರೆ, ಇನ್ನೊಂದು ದಿನ ಸಾಯಬಹುದಿತ್ತು ಅನ್ನೋ ಹಾಗೆ ಮಾತಾಡುತ್ತಾನೆ. ಅಳೋಕೂ ಏನೂ ಉಳಿದಿಲ್ಲ. ಇಬ್ಬರಿಗೂ ಸಿಂಹಾಸನ ಬೇಕಿತ್ತು. ದುರ್ಯೋಧನನಿಗೆ ಸಿಂಹಾಸನದ ಪಕ್ಕ ಕೂರೋಕೆ ಕರ್ಣನೂ ಬೇಕಿತ್ತು. ಇಬ್ಬರಿಗೂ ಒಂದೇ ಗಾದೆ ಅಂಟಿಸಿದರೆ ರನ್ನನಿಗೂ ಮೋಸ, ಶೇಕ್ಸ್‌ಪಿಯರ್‌ಗೂ ಮೋಸ.

ನಮ್ಮ ಕೊಡಗಿನಲ್ಲೇ ನಾಟಕ ಬರೆದ ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಗೆ ತಂದ ಕಥೆಗಳಲ್ಲಿ ಯಯಾತಿಯೂ ಒಬ್ಬ. ಮಗನ ಹತ್ತಿರ ಯೌವನ ಕೇಳೋ ಅಪ್ಪ! ಅದಕ್ಕೂ ಅತಿಯಾಸೆ ಅಂತ ಒಂದು ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಬಹುದು. ಆದರೆ ಕೊಟ್ಟ ಮಗನ ಕಥೆ ಏನು? ಅದು ಇನ್ನೊಂದು ದಿನಕ್ಕೆ ಇರಲಿ, ಈಗಲೇ ಉದ್ದ ಆಯಿತು.

ಅಂದಹಾಗೆ, ಕತ್ತಿ ಸಿಗದೇ ಹೋದದ್ದು ಒಳ್ಳೆಯದೇ ಆಯಿತು. ಹುಡುಗ ಖಾಲಿ ಗಾಳಿಯನ್ನೇ ದಿಟ್ಟಿಸಿ ಆ ದೃಶ್ಯ ಮಾಡಿದ. ಕೈ ಚಾಚಿ, ಬೆರಳು ಮಡಚಿ, ಏನೂ ಸಿಗದೆ ಮತ್ತೆ ಚಾಚಿದ. ಮುಂದಿನ ಸಾಲಿನ ಮಕ್ಕಳು ಅವನು ನೋಡಿದ ಕಡೆಗೇ ತಲೆ ಎತ್ತಿ ನೋಡುತ್ತಿದ್ದವು. ತಾತನೂ ಬಂದಿದ್ದರು, ಕೊಡೆ ಮಡಚಿ ಕಾಲಿನ ಮಧ್ಯೆ ಇಟ್ಟುಕೊಂಡು ಕೂತಿದ್ದರು. ಕೊಲೆ ಆದ ಮೇಲೆ ಬಾಗಿಲು ಬಡಿಯೋ ಸದ್ದಿಗೆ ನಮ್ಮವರು ಖಾಲಿ ಡ್ರಮ್ಮಿಗೆ ಒನಕೆಯಲ್ಲಿ ಹೊಡೆದರು. ಮೊದಲ ಹೊಡೆತಕ್ಕೆ ತಾತ ಕೂತಲ್ಲೇ ಬೆಚ್ಚಿ ಬಾಗಿಲ ಕಡೆ ತಿರುಗಿ ನೋಡಿದ್ದು ನನಗೆ ಪರದೆಯ ಸಂದಿಯಿಂದ ಕಾಣಿಸಿತು.

ಕಾಫಿ ಕುಯ್ಲು ಮುಗಿದ ಮೇಲೆ ಇನ್ನೊಂದು ಶೋ ಮಾಡೋಣ ಅಂತ ಹುಡುಗರು ಹೊರಟಿದ್ದಾರೆ. ಪೋಸ್ಟರ್‌ನಿಂದ ಆ ಗಾದೆ ತೆಗೆಯಿರಿ ಅಂದೆ. "ಸರ್, ಅದಿದ್ರೆ ಜನ ಬರ್ತಾರೆ" ಅಂತಾರೆ. ನಿನ್ನೆ ರಾತ್ರಿ ಗ್ರೂಪ್‌ನಲ್ಲಿ ಹನ್ನೊಂದೂವರೆ ತನಕ ಜಗಳ. ಪ್ರಿಂಟಿಗೆ ಇನ್ನೂ ಹೋಗಿಲ್ಲ.